ಬೆಟ್ಟ ಹತ್ತುವ ಆಸೆಯೇ? ಆರು ತಿಂಗಳು ಮೊದಲೇ ಸಿದ್ಧರಾಗಿ

"ಡಾಕ್ಟ್ರೇ, ಮೆಟ್ಟಿಲು ಹತ್ತಬೇಡಿ ಅಂತ ಹೇಳಿದವರು ನೀವೇ. ಈಗ ಹತ್ತಬಹುದು ಅಂತಲೂ ನೀವೇ ಹೇಳಬೇಕು."

2023ರ ಜೂನ್ ತಿಂಗಳ ಒಂದು ಸಂಜೆ, ಮೈಸೂರಿನ ನನ್ನ ಕ್ಲಿನಿಕ್ಕಿನಲ್ಲಿ ಎದುರು ಕುಳಿತಿದ್ದ ಶಾಲಾ ಶಿಕ್ಷಕಿಯೊಬ್ಬರು ಹೀಗೆಂದಾಗ ನಾನು ಒಂದು ಕ್ಷಣ ತಬ್ಬಿಬ್ಬಾದೆ. ಅವರು ಚೀಲದಿಂದ ಹಳೆಯ ಫೈಲೊಂದನ್ನು ತೆಗೆದು ಮುಂದಿಟ್ಟರು. ಅದರಲ್ಲಿದ್ದುದು 2013ರಲ್ಲಿ ನಾನೇ ಬರೆದುಕೊಟ್ಟಿದ್ದ ಚೀಟಿ. ಮಂಡಿನೋವಿಗೆ ಐದು ದಿನದ ಮಾತ್ರೆ. ಅದರ ಕೆಳಗೆ 'ಮೆಟ್ಟಿಲು ಹತ್ತಬಾರದು, ನೆಲದ ಮೇಲೆ ಕೂರಬಾರದು, ವಿಶ್ರಾಂತಿ ತೆಗೆದುಕೊಳ್ಳಬೇಕು' ಎಂಬ ಸೂಚನೆ. ಮಾತ್ರೆಗೆ ಐದು ದಿನ ಎಂದು ಬರೆದಿದ್ದೆ. ವಿಶ್ರಾಂತಿಗೆ ಎಷ್ಟು ದಿನ ಎಂದು ಬರೆದಿರಲಿಲ್ಲ. ಅವರು ಅದನ್ನು ಹತ್ತು ವರ್ಷ ಪಾಲಿಸಿದ್ದರು!

ಆಗ ಅವರಿಗೆ 45 ವರ್ಷ, ಈಗ 55. ಈ ಹತ್ತು ವರ್ಷಗಳಲ್ಲಿ ಅವರು ಮಹಡಿ ಮನೆ ಬಿಟ್ಟು ನೆಲಮಹಡಿಗೆ ಬಂದರು. ಶಾಲೆಗೆ ಆಟೋದಲ್ಲಿ ಹೋಗತೊಡಗಿದರು. ಪಾಠವನ್ನು ಕುರ್ಚಿಯಲ್ಲಿ ಕುಳಿತೇ ಮಾಡಿದರು. ಹುಡುಗಿಯಾಗಿದ್ದಾಗ ಪ್ರತಿ ಆಷಾಢದಲ್ಲೂ ಚಾಮುಂಡಿ ಬೆಟ್ಟದ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತ ಮೇಲೇರಿದವರು ಈಗ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ತೂಕ 64 ಕಿಲೋದಿಂದ 78ಕ್ಕೆ ಏರಿತ್ತು. ಮಂಡಿನೋವು ಮಾತ್ರ ಕಡಿಮೆಯಾಗಿರಲಿಲ್ಲ, ಬದಲಿಗೆ ಹೆಚ್ಚಾಗಿತ್ತು.

ಅವರ ಮಗಳು ಜನವರಿಯಲ್ಲಿ ಕೊಡಚಾದ್ರಿಗೆ ಹೋಗೋಣ ಎಂದಿದ್ದಳು. "ಒಂದು ಸಲ ಆ ಸರ್ವಜ್ಞಪೀಠದವರೆಗೆ ನಡೆದು ಹೋಗಬೇಕು ಡಾಕ್ಟ್ರೇ. ಆಗುತ್ತೋ ಇಲ್ಲವೋ, ನಿಜ ಹೇಳಿಬಿಡಿ" ಎಂದರು.

ಆಗುತ್ತದೆ ಎಂದು ನಾನು ಹೇಳಿದೆ. ಆದರೆ ನಾಳೆಯೇ ಅಲ್ಲ, ಆರು ತಿಂಗಳು ಬೇಕು ಎಂದೂ ಹೇಳಿದೆ. ವರ್ಷಗಟ್ಟಲೆ ಮನೆಯಲ್ಲೇ ಕುಳಿತು, ಈಗ ಮತ್ತೆ ಬೆಟ್ಟ ಗುಡ್ಡ ಹತ್ತುವ ಆಸೆಯಿರುವ ಅನೇಕರು ನಮ್ಮ ನಡುವೆ ಇದ್ದಾರೆ. ಮಂಡಿನೋವು, ಸೊಂಟನೋವು, ಮೂಳೆ ಮುರಿತ, ದೀರ್ಘ ಕಾಯಿಲೆ, ಮನೆಯಲ್ಲಿ ಹಾಸಿಗೆ ಹಿಡಿದವರ ಆರೈಕೆ, ಹೀಗೆ ಕಾರಣ ಬೇರೆ ಬೇರೆಯಾದರೂ ದೇಹದಲ್ಲಿ ಆಗುವ ನಷ್ಟ ಹೆಚ್ಚು ಕಡಿಮೆ ಒಂದೇ. ಅದನ್ನು ಮರಳಿ ಪಡೆಯುವ ಮಾರ್ಗವೂ ಒಂದೇ. ಈ ವಾರ ಅದನ್ನೇ ನೋಡೋಣ.

ಸುಮ್ಮನೆ ಕುಳಿತರೆ ಕಳೆದುಹೋಗುವುದೇನು?

ಬಳಸದ ಕಬ್ಬಿಣ ತುಕ್ಕು ಹಿಡಿಯುತ್ತದೆ. ಬಳಸದ ಕಾಲಿನ ಗತಿಯೂ ಅಷ್ಟೆ. ಮಂಡಿಯ ಕೀಲಿನಲ್ಲಿ ಎರಡು ಮೂಳೆಗಳ ತುದಿಗೆ ಮೆತ್ತೆಯಂತೆ ಮೃದ್ವಸ್ಥಿ ಇರುತ್ತದೆ. ಇದಕ್ಕೆ ತನ್ನದೇ ಆದ ರಕ್ತನಾಳಗಳಿಲ್ಲ. ಕೀಲಿನ ಒಳಗಿರುವ ದ್ರವದಿಂದಲೇ ಅದು ಪೋಷಣೆ ಪಡೆಯಬೇಕು. ಕಾಲು ಮಡಿಸಿ ಚಾಚಿದಾಗ, ಭಾರ ಬಿದ್ದು ಬಿಟ್ಟಾಗ, ಸ್ಪಂಜನ್ನು ಹಿಂಡಿ ಬಿಟ್ಟ ಹಾಗೆ ಈ ದ್ರವ ಒಳಗೂ ಹೊರಗೂ ಹರಿಯುತ್ತದೆ. ಚಲನೆಯೇ ಇಲ್ಲದಿದ್ದರೆ ಪೋಷಣೆಯೂ ಇಲ್ಲ.

ಮಂಡಿಯನ್ನು ನಿಜವಾಗಿ ಕಾಪಾಡುವುದು ತೊಡೆಯ ಮುಂಭಾಗದ ದೊಡ್ಡ ಸ್ನಾಯು. ವಾಹನದ ಶಾಕ್ ಅಬ್ಸಾರ್ಬರ್‌ನಂತೆ ಪ್ರತಿ ಹೆಜ್ಜೆಯ ಪೆಟ್ಟನ್ನು ಅದು ತಡೆದುಕೊಳ್ಳುತ್ತದೆ. ನೋವೆಂದು ಕುಳಿತರೆ ಈ ಸ್ನಾಯು ಸೊರಗುತ್ತದೆ, ಸ್ನಾಯು ಸೊರಗಿದರೆ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ, ನೋವು ಹೆಚ್ಚುತ್ತದೆ, ಮತ್ತಷ್ಟು ಕೂರುತ್ತೇವೆ. ಈ ವಿಷಚಕ್ರದಲ್ಲಿ ನಮ್ಮ ಶಿಕ್ಷಕಿ ಹತ್ತು ವರ್ಷ ಸುತ್ತಿದ್ದರು.

ಹೃದಯ ಮತ್ತು ಶ್ವಾಸಕೋಶಗಳ ಕಥೆಯೂ ಇದೇ. ಅಮೆರಿಕದ ಡಲ್ಲಾಸ್‌ನಲ್ಲಿ 1966ರಲ್ಲಿ ನಡೆದ ಪ್ರಯೋಗವೊಂದು ವೈದ್ಯಕೀಯ ಲೋಕದಲ್ಲಿ ಬಹಳ ಪ್ರಸಿದ್ಧ. 20 ವರ್ಷದ ಐವರು ಆರೋಗ್ಯವಂತ ಯುವಕರನ್ನು ಸುಮಾರು ಮೂರು ವಾರ ಹಾಸಿಗೆಯಲ್ಲೇ ಮಲಗಿಸಲಾಯಿತು. ಶ್ರಮದ ಕೆಲಸ ಮಾಡುವಾಗ ಆಮ್ಲಜನಕ ಬಳಸಿಕೊಳ್ಳುವ ಅವರ ಸಾಮರ್ಥ್ಯ ಕಾಲು ಭಾಗಕ್ಕಿಂತಲೂ ಹೆಚ್ಚು ಕುಸಿಯಿತು. 30 ವರ್ಷಗಳ ನಂತರ, 1996ರಲ್ಲಿ, ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. 30 ವರ್ಷದ ವಯಸ್ಸು ಮಾಡಿದ ಹಾನಿಗಿಂತ ಅಂದಿನ ಮೂರು ವಾರದ ಹಾಸಿಗೆ ಮಾಡಿದ ಹಾನಿಯೇ ದೊಡ್ಡದಾಗಿತ್ತು!

ಆದರೆ ಈ ಕಥೆಯ ಮುಂದಿನ ಭಾಗ ಆಶಾದಾಯಕವಾಗಿದೆ. 50 ವರ್ಷದ ಆ ಐವರಿಗೆ ಆರು ತಿಂಗಳ ಕಾಲ ಹಂತ ಹಂತವಾಗಿ ನಡಿಗೆ, ನಿಧಾನ ಓಟ, ಸೈಕಲ್ ತುಳಿಯುವ ಅಭ್ಯಾಸ ಮಾಡಿಸಿದರು. 20ನೇ ವಯಸ್ಸಿನಲ್ಲಿ, ಮಲಗುವ ಮೊದಲು ಇದ್ದ ಸಾಮರ್ಥ್ಯ ಅವರಿಗೆ ಮರಳಿ ಬಂತು. ಸ್ನಾಯುಗಳ ವಿಷಯದಲ್ಲೂ ಅಷ್ಟೆ. 1990ರಲ್ಲಿ ಪ್ರಕಟವಾದ ಬಾಸ್ಟನ್‌ನ ಅಧ್ಯಯನವೊಂದರಲ್ಲಿ ವೃದ್ಧಾಶ್ರಮದಲ್ಲಿದ್ದ 90ರ ಆಸುಪಾಸಿನವರಿಗೆ ಎಂಟು ವಾರ ಭಾರ ಎತ್ತುವ ವ್ಯಾಯಾಮ ಮಾಡಿಸಿದಾಗ ಕಾಲಿನ ಬಲ ಎರಡು ಪಟ್ಟಿಗೂ ಮೀರಿ ಹೆಚ್ಚಿತ್ತು. ಹಾಗಾದರೆ 55 ಯಾವ ಲೆಕ್ಕ?

ಮೊದಲು ತಪಾಸಣೆ

ಉತ್ಸಾಹ ಬಂದ ಮರುದಿನವೇ ಬೂಟು ಕೊಂಡು ಹೊರಡುವುದು ಸರಿಯಲ್ಲ. 40 ದಾಟಿದವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು, ಧೂಮಪಾನಿಗಳು, ಮನೆತನದಲ್ಲಿ ಹೃದಯರೋಗ ಇರುವವರು ತಪ್ಪದೆ ವೈದ್ಯರನ್ನು ಕಾಣಬೇಕು. ರಕ್ತದೊತ್ತಡ, ರಕ್ತದ ಸಕ್ಕರೆ, ಹಿಮೋಗ್ಲೋಬಿನ್, ಇ.ಸಿ.ಜಿ. ಇಷ್ಟು ಪರೀಕ್ಷೆಗಳು ಸಾಮಾನ್ಯವಾಗಿ ಬೇಕಾಗುತ್ತವೆ. ಅನುಮಾನವಿದ್ದರೆ ವೈದ್ಯರು ಟ್ರೆಡ್‌ಮಿಲ್ ಪರೀಕ್ಷೆಯನ್ನೂ ಹೇಳಬಹುದು.

ನಮ್ಮ ಶಿಕ್ಷಕಿಗೆ ಹಿಮೋಗ್ಲೋಬಿನ್ 9.4 ಇತ್ತು. "ವಯಸ್ಸಾಯಿತು, ಅದಕ್ಕೇ ಸುಸ್ತು" ಎಂದು ಅವರು ಅಂದುಕೊಂಡಿದ್ದ ಸುಸ್ತಿಗೆ ರಕ್ತಹೀನತೆ ಒಂದು ಮುಖ್ಯ ಕಾರಣವಾಗಿತ್ತು. ನಮ್ಮ ಹೆಣ್ಣುಮಕ್ಕಳಲ್ಲಿ ಇದು ತೀರಾ ಸಾಮಾನ್ಯ. ರಕ್ತದೊತ್ತಡ 150/94. ಎರಡಕ್ಕೂ ಚಿಕಿತ್ಸೆ ಆರಂಭಿಸಿದ ಮೇಲೆಯೇ ನಡಿಗೆಯ ಮಾತು. ಮಂಡಿಯ ಎಕ್ಸ್-ರೇಯಲ್ಲಿ ಸವೆತ ಕಾಣಿಸಿತು. ಆದರೆ ಒಂದು ಮಾತು: ಎಕ್ಸ್-ರೇಯಲ್ಲಿ ಕಾಣುವ ಸವೆತಕ್ಕೂ ನೋವಿಗೂ ನೇರ ಲೆಕ್ಕವಿಲ್ಲ. ಸವೆತ ಹೆಚ್ಚಿದ್ದೂ ಸಲೀಸಾಗಿ ನಡೆಯುವವರಿದ್ದಾರೆ, ಸವೆತ ಅಲ್ಪವಿದ್ದೂ ನರಳುವವರಿದ್ದಾರೆ. ಮಂಡಿಸವೆತಕ್ಕೆ ವ್ಯಾಯಾಮವೇ ಮೊದಲ ಚಿಕಿತ್ಸೆ ಎಂದು ಇಂದು ವೈದ್ಯರೆಲ್ಲ ಒಪ್ಪುತ್ತಾರೆ.

ನಡೆಯುವಾಗ ಎದೆ ಹಿಂಡಿದಂತಾಗುವವರು, ತಲೆಸುತ್ತಿ ಬೀಳುವವರು, ಇತ್ತೀಚೆಗೆ ಹೃದಯಾಘಾತವಾದವರು, ಮಂಡಿ ಅಥವಾ ಸೊಂಟದ ಕೀಲು ಬದಲಿಸಿಕೊಂಡವರು ತಮ್ಮ ತಜ್ಞ ವೈದ್ಯರ ಒಪ್ಪಿಗೆ ಇಲ್ಲದೆ ಮುಂದಿನ ಯಾವ ಅಭ್ಯಾಸವನ್ನೂ ಆರಂಭಿಸಬಾರದು.

ಮನೆಯಲ್ಲೇ ಒಂದು ಅಳತೆ

ನಿಮ್ಮ ಕಾಲಿನ ಬಲ ಎಷ್ಟಿದೆ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿ ಇಡಿ. ಎರಡೂ ಕೈಗಳನ್ನು ಎದೆಯ ಮೇಲೆ ಕತ್ತರಿಯಾಗಿ ಇಟ್ಟುಕೊಂಡು ಕುಳಿತು, ಪೂರ್ತಿ ಎದ್ದು ನಿಂತು, ಮತ್ತೆ ಕೂರಬೇಕು. 30 ಸೆಕೆಂಡಿನಲ್ಲಿ ಎಷ್ಟು ಸಲ ಏಳಬಲ್ಲಿರಿ ಎಂದು ಮನೆಯವರು ಎಣಿಸಲಿ. 60ರಿಂದ 64 ವಯಸ್ಸಿನ ಹೆಂಗಸರು 12ಕ್ಕಿಂತ ಕಡಿಮೆ, ಅದೇ ವಯಸ್ಸಿನ ಗಂಡಸರು 14ಕ್ಕಿಂತ ಕಡಿಮೆ ಸಲ ಎದ್ದರೆ ಕಾಲಿನ ಬಲ ಸಾಲದು ಎಂದರ್ಥ. ಅದಕ್ಕಿಂತ ಚಿಕ್ಕವರು ಇನ್ನೂ ಹೆಚ್ಚು ಸಲ ಏಳಬೇಕು. ನಮ್ಮ ಶಿಕ್ಷಕಿ ಮೊದಲ ದಿನ ಆರು ಸಲ ಎದ್ದರು; ಏಳನೆಯದಕ್ಕೆ ಮೇಜು ಹಿಡಿದರು.

ಈ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ತಿಂಗಳಿಗೊಮ್ಮೆ ಮತ್ತೆ ಎಣಿಸಿ. ತೂಕದ ಯಂತ್ರಕ್ಕಿಂತ ಇದು ನಿಮಗೆ ಹೆಚ್ಚು ಧೈರ್ಯ ಕೊಡುತ್ತದೆ.

ಮೊದಲ ಎರಡು ತಿಂಗಳು: ಸಮತಟ್ಟು ನೆಲ

ಆರಂಭ ಎಷ್ಟು ಚಿಕ್ಕದಿರಬೇಕೆಂದರೆ 'ಇಷ್ಟೇನಾ?' ಎನಿಸಬೇಕು. ಬೆಳಿಗ್ಗೆ 10 ನಿಮಿಷ, ಸಂಜೆ 10 ನಿಮಿಷ ಸಮತಟ್ಟು ನೆಲದಲ್ಲಿ ನಡೆಯಿರಿ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯ ದಂಡೆ ಇದೆ. ನಿಮ್ಮೂರಿನಲ್ಲಿ ಶಾಲೆಯ ಮೈದಾನವಾದರೂ ಸಾಕು. ವಾರಕ್ಕೆ ಎರಡು ಮೂರು ನಿಮಿಷದಂತೆ ಹೆಚ್ಚಿಸುತ್ತ ಹೋದರೆ ಎರಡು ತಿಂಗಳಿನಲ್ಲಿ ದಿನಕ್ಕೆ ಒಟ್ಟು 40 ನಿಮಿಷ ಮುಟ್ಟಬಹುದು. ವೇಗ ಎಷ್ಟಿರಬೇಕು? ನಡೆಯುತ್ತ ಪಕ್ಕದವರ ಜತೆ ಮಾತನಾಡಲು ಆಗಬೇಕು, ಆದರೆ ಹಾಡು ಹೇಳಲು ಆಗಬಾರದು. ಅದು ಸರಿಯಾದ ವೇಗ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಇಂಥ ಮಧ್ಯಮ ಶ್ರಮವನ್ನೂ, ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಹೇಳುತ್ತದೆ.

ಈ ಎರಡನೆಯದನ್ನೇ ನಮ್ಮಲ್ಲಿ ಹಲವರು ಮರೆಯುತ್ತಾರೆ. ಬರಿಯ ನಡಿಗೆಯಿಂದ ಬೆಟ್ಟ ಹತ್ತುವ ಕಾಲು ಬರುವುದಿಲ್ಲ. ದಿನ ಬಿಟ್ಟು ದಿನ, ವಾರಕ್ಕೆ ಮೂರು ಸಲ, ಈ ಐದು ವ್ಯಾಯಾಮಗಳನ್ನು ಮಾಡಿ:

1. ಕುರ್ಚಿಯಿಂದ ಏಳುವುದು, ಕೂರುವುದು. ಕಷ್ಟವಾದರೆ ಕುರ್ಚಿಯ ಮೇಲೆ ಗಟ್ಟಿ ದಿಂಬು ಇಟ್ಟು ಎತ್ತರ ಮಾಡಿಕೊಳ್ಳಿ. 8 ಸಲ, ಸ್ವಲ್ಪ ವಿಶ್ರಾಂತಿ, ಮತ್ತೆ 8 ಸಲ. ಬೇಗ ಬೇಗ ಬೇಡ; ಕೂರುವಾಗ ದೊಪ್ಪೆಂದು ಬೀಳದೆ ನಿಧಾನವಾಗಿ ಇಳಿಯಿರಿ.

2. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರ ಚಾಚಿ, ತೊಡೆ ಬಿಗಿಮಾಡಿ ಐದು ಎಣಿಸಿ ಇಳಿಸುವುದು. ಪ್ರತಿ ಕಾಲಿಗೆ 10 ಸಲ.

3. ಅಡುಗೆಮನೆಯ ಕಟ್ಟೆ ಹಿಡಿದು ನಿಂತು ಎರಡೂ ಹಿಮ್ಮಡಿ ಎತ್ತಿ ಇಳಿಸುವುದು, 10 ಸಲ. ಮೀನಖಂಡಕ್ಕೆ ಬಲ ಬರುತ್ತದೆ. ಅನ್ನ ಬೇಯುವಷ್ಟರಲ್ಲಿ ಮುಗಿಯುತ್ತದೆ.

4. ಅಂಗಾತ ಮಲಗಿ, ಮಂಡಿ ಮಡಿಸಿ, ಸೊಂಟವನ್ನು ಮೇಲೆತ್ತಿ ಐದು ಎಣಿಸಿ ಇಳಿಸುವುದು. ಬೆಟ್ಟ ಹತ್ತಿಸುವ ದೊಡ್ಡ ಸ್ನಾಯುಗಳು ಇರುವುದು ಸೊಂಟದ ಹಿಂದೆ.

5. ಗೋಡೆಯ ಪಕ್ಕ ಒಂಟಿ ಕಾಲಿನಲ್ಲಿ ನಿಲ್ಲುವುದು. 10 ಸೆಕೆಂಡಿನಿಂದ ಆರಂಭಿಸಿ 30ರವರೆಗೆ. ಕಲ್ಲುಮುಳ್ಳಿನ ದಾರಿಯಲ್ಲಿ ಬೀಳದಂತೆ ಕಾಪಾಡುವುದು ಈ ಸಮತೋಲನ.

ಆತುರದ ಬೆಲೆ

ಇಷ್ಟು ಹೇಳಿ ಕಳಿಸಿದ ಮೂರನೇ ವಾರ ನಮ್ಮ ಶಿಕ್ಷಕಿ ಕುಂಟುತ್ತ ಬಂದರು. ಎಡ ಮಂಡಿ ಊದಿತ್ತು. ಮುಖದಲ್ಲಿ ತಪ್ಪು ಮಾಡಿದ ಮಗುವಿನ ಭಾವ. "ಆಷಾಢ ಶುಕ್ರವಾರ ಅಲ್ವಾ ಡಾಕ್ಟ್ರೇ, ಅಕ್ಕಪಕ್ಕದವರೆಲ್ಲ ಹೊರಟರು. ನಾನೂ ಹೊರಟೆ. ಹತ್ತುವಾಗ ಏನೂ ಆಗಲಿಲ್ಲ..."

ಹತ್ತುವಾಗ ಏನೂ ಆಗಿರಲಿಲ್ಲ. ಕುಳಿತು, ನಿಂತು, ಹೇಗೋ ಹತ್ತಿದ್ದರು. ಆ ಸಂತೋಷದಲ್ಲಿ ಸಾವಿರದಷ್ಟು ಮೆಟ್ಟಿಲನ್ನೂ ಇಳಿದೇ ಬಂದಿದ್ದರು. ಕೆಟ್ಟದ್ದು ಅಲ್ಲಿ.

ಇಲ್ಲಿ ಎರಡು ವಿಷಯ ತಿಳಿಯಬೇಕು. ಮೊದಲನೆಯದು, ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಚೇತರಿಸಿಕೊಳ್ಳುವುದಿಲ್ಲ. ಉಸಿರಾಟ ಕೆಲವು ವಾರಗಳಲ್ಲೇ ಸುಧಾರಿಸುತ್ತದೆ. ಸ್ನಾಯುಗಳಿಗೆ ತಿಂಗಳುಗಳು ಬೇಕು. ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುಗಳಿಗೆ ಅದಕ್ಕೂ ಹೆಚ್ಚು ಕಾಲ ಬೇಕು. ಆದ್ದರಿಂದಲೇ ಮೂರನೇ ನಾಲ್ಕನೇ ವಾರದಲ್ಲಿ 'ನಾನು ಸರಿಹೋದೆ' ಎಂದು ಅನಿಸುತ್ತದೆ, ಆದರೆ ಕಾಲು ಇನ್ನೂ ಸಿದ್ಧವಾಗಿರುವುದಿಲ್ಲ. ಹೆಚ್ಚಿನವರು ಪೆಟ್ಟು ಮಾಡಿಕೊಳ್ಳುವುದು ಈ ಹೊತ್ತಿನಲ್ಲಿ.

ಎರಡನೆಯದು, ಹತ್ತುವುದಕ್ಕೆ ಉಸಿರು ಬೇಕು, ಇಳಿಯುವುದಕ್ಕೆ ಮಂಡಿ ಬೇಕು. ಸಮತಟ್ಟು ನೆಲದಲ್ಲಿ ನಡೆಯುವಾಗ ಮಂಡಿಯ ಕೀಲಿನ ಮೇಲೆ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಒತ್ತಡ ಬೀಳುತ್ತದೆ. ಮೆಟ್ಟಿಲು ಇಳಿಯುವಾಗ ಅದು ಸುಮಾರು ಮೂರೂವರೆ ಪಟ್ಟು. ಇಳಿಯುವಾಗ ತೊಡೆಯ ಸ್ನಾಯು ಭಾರ ಹೊತ್ತುಕೊಂಡೇ ಉದ್ದವಾಗುತ್ತ ದೇಹವನ್ನು ತಡೆಹಿಡಿಯಬೇಕು. ಅಭ್ಯಾಸವಿಲ್ಲದ ಸ್ನಾಯುವಿನಲ್ಲಿ ಇದರಿಂದ ಸೂಕ್ಷ್ಮ ಗಾಯಗಳಾಗುತ್ತವೆ. ಮಾರನೆಯ ದಿನ, ಮೂರನೆಯ ದಿನ ತೊಡೆ ಹಿಡಿದುಕೊಳ್ಳುವುದು ಇದರಿಂದಲೇ.

ಅವರಿಗೆ ನಾನು 'ವಿಶ್ರಾಂತಿ' ಎಂದು ಬರೆಯಲಿಲ್ಲ. ಮಂಡಿಗೆ ಐಸ್, ಮೂರು ದಿನ ಮನೆಯೊಳಗಿನ ಓಡಾಟ, ನಾಲ್ಕನೇ ದಿನದಿಂದ ಮತ್ತೆ 10 ನಿಮಿಷದ ನಡಿಗೆ ಎಂದು ಬರೆದೆ. ಎರಡು ವಾರ ಹಿಂದೆ ಬಿದ್ದರು, ಅಷ್ಟೆ.

ಮೂರು, ನಾಲ್ಕನೇ ತಿಂಗಳು: ಮೆಟ್ಟಿಲು

ಈಗ ಮನೆಯ ಒಂದೇ ಮೆಟ್ಟಿಲಿನಿಂದ ಆರಂಭ. ಕಂಬಿ ಹಿಡಿದು ಹತ್ತಿ, ಹಿಂದಕ್ಕೆ ಇಳಿಯಿರಿ. ಪ್ರತಿ ಕಾಲಿಗೆ 10 ಸಲ. ಒಂದೆರಡು ವಾರದ ನಂತರ ಮುಖ್ಯವಾದ ಅಭ್ಯಾಸ: ಮೆಟ್ಟಿಲ ಮೇಲೆ ನಿಂತು, ಒಂದು ಕಾಲನ್ನು ಮುಂದೆ ಚಾಚಿ, ಮೂರು ಎಣಿಸುವಷ್ಟು ನಿಧಾನವಾಗಿ ನೆಲಕ್ಕೆ ಇಳಿಸುವುದು. ಆಗ ಮೇಲಿರುವ ಕಾಲಿನ ಮಂಡಿ ಒಳಕ್ಕೆ ವಾಲದೆ ಪಾದದ ನೇರಕ್ಕೆ ಇರಬೇಕು. ಬೆಟ್ಟ ಇಳಿಯಲು ಕಾಲಿಗೆ ಇದೇ ಪಾಠಶಾಲೆ.

ನಂತರ ಚಾಮುಂಡಿ ಬೆಟ್ಟ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಈ ಮೆಟ್ಟಿಲುಗಳು ಮೈಸೂರಿನವರಿಗೆ ಒಳ್ಳೆಯ ವ್ಯಾಯಾಮಶಾಲೆ. ನಮ್ಮ ಶಿಕ್ಷಕಿಗೆ ವಾರಕ್ಕೊಂದು ದಿನ, ಭಾನುವಾರ ಮುಂಜಾನೆ ಎಂದು ನಿಗದಿ ಮಾಡಿದೆವು. ಮೊದಲ ವಾರ 100 ಮೆಟ್ಟಿಲು ಹತ್ತಿ ಇಳಿದರು. ಆಮೇಲೆ 200. ಎರಡು ತಿಂಗಳಲ್ಲಿ, ಸುಮಾರು 700 ಮೆಟ್ಟಿಲು ಮೇಲಿರುವ ದೊಡ್ಡ ನಂದಿಯವರೆಗೆ ಹತ್ತಿದರು. ಅಲ್ಲಿಗೆ ವಾಹನದ ರಸ್ತೆ ಇರುವುದರಿಂದ ಪತಿಯ ಸ್ಕೂಟರಿನಲ್ಲಿ ಇಳಿದು ಬಂದರು. ಬಳಿಕ ತುದಿಯವರೆಗೆ ಹತ್ತಿ, ಸಿಟಿ ಬಸ್ಸಿನಲ್ಲಿ ವಾಪಸು. ಹತ್ತುವ ಅಭ್ಯಾಸವನ್ನು ಬೇಗ ಹೆಚ್ಚಿಸಿ, ಇಳಿಯುವ ಅಭ್ಯಾಸವನ್ನು ನಿಧಾನವಾಗಿ ಹೆಚ್ಚಿಸುವ ಈ ಉಪಾಯವನ್ನು ಹತ್ತಿರದಲ್ಲಿ ಬೆಟ್ಟ, ಬಸ್ಸು ಎರಡೂ ಇರುವವರು ಬಳಸಿಕೊಳ್ಳಬಹುದು. ಇಲ್ಲದವರಿಗೆ ಮೂರು ಮಹಡಿಯ ಕಟ್ಟಡವೂ ಆದೀತು: ಮೆಟ್ಟಿಲಲ್ಲಿ ಹತ್ತಿ, ಲಿಫ್ಟಿನಲ್ಲಿ ಇಳಿಯಿರಿ.

ಐದು, ಆರನೇ ತಿಂಗಳು: ಭಾರ ಮತ್ತು ಒರಟು ನೆಲ

ಬೆಟ್ಟದ ದಾರಿ ಕಾಂಕ್ರೀಟಲ್ಲ. ಬೇರು, ಉರುಳುಗಲ್ಲು, ಜಾರುವ ಮಣ್ಣು ಎಲ್ಲವೂ ಇರುತ್ತವೆ. ವಾರಕ್ಕೊಮ್ಮೆ ತೋಟದ ಅಥವಾ ಗುಡ್ಡದ ಕಾಲುದಾರಿಯಲ್ಲಿ ಎರಡು ಗಂಟೆ ನಡೆಯಿರಿ. ಬೆನ್ನಚೀಲದಲ್ಲಿ ಮೊದಲು ಎರಡು ಲೀಟರ್ ನೀರು, ಆಮೇಲೆ ನಾಲ್ಕು ಕಿಲೋದಷ್ಟು ಭಾರ. ಬೆಟ್ಟಕ್ಕೆ ಹಾಕಿಕೊಳ್ಳುವ ಬೂಟನ್ನೇ ಈ ನಡಿಗೆಗೂ ಹಾಕಿ. ಹೊಸ ಬೂಟು ಹಾಕಿ ಬೆಟ್ಟಕ್ಕೆ ಹೋದರೆ ಅರ್ಧ ದಾರಿಯಲ್ಲಿ ಕಾಲಿಗೆ ಬೊಬ್ಬೆ ಬರುವುದು ಖಂಡಿತ. ಇಳಿಯುವ ಅಭ್ಯಾಸವನ್ನೂ ಈಗ ಹೆಚ್ಚಿಸಬೇಕು. ನಮ್ಮ ಶಿಕ್ಷಕಿ ಡಿಸೆಂಬರ್ ಹೊತ್ತಿಗೆ ಚಾಮುಂಡಿ ಬೆಟ್ಟವನ್ನು ಹತ್ತಿ, ಕೋಲು ಹಿಡಿದು, ಇಳಿದೂ ಬಂದರು. ಮಾರನೆಯ ದಿನ ಶಾಲೆಗೆ ರಜೆ ಹಾಕಲಿಲ್ಲ.

ಹೊರಡುವ ವಾರದಲ್ಲಿ ಶ್ರಮ ಕಡಿಮೆ ಮಾಡಿ. ಪರೀಕ್ಷೆಯ ಹಿಂದಿನ ರಾತ್ರಿ ಓದಿದ್ದು ತಲೆಗೆ ಹತ್ತದ ಹಾಗೆ, ಕೊನೆಯ ವಾರದ ವ್ಯಾಯಾಮ ಕಾಲಿಗೆ ಹತ್ತುವುದಿಲ್ಲ. ದಣಿವು ಮಾತ್ರ ಉಳಿಯುತ್ತದೆ.

ಯಾವ ನೋವು ಒಳ್ಳೆಯದು, ಯಾವುದು ಕೆಟ್ಟದ್ದು?

ನನ್ನನ್ನು ರೋಗಿಗಳು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ತೊಡೆ, ಮೀನಖಂಡಗಳ ಮಾಂಸದಲ್ಲಿ ಎರಡೂ ಕಾಲಿಗೆ ಸಮನಾಗಿ ಬಂದು, ಎರಡು ಮೂರು ದಿನದಲ್ಲಿ ಹೋಗುವ ನೋವಿಗೆ ಹೆದರಬೇಕಿಲ್ಲ. ಕೀಲಿನಲ್ಲಿ ಸ್ವಲ್ಪ ನೋವು ಬಂದು ಮರುದಿನದ ಹೊತ್ತಿಗೆ ಮೊದಲಿನಂತಾದರೆ ಅದೇ ಪ್ರಮಾಣದಲ್ಲಿ ಮುಂದುವರಿಸಿ. ಮರುದಿನವೂ ನೋವು ಹೆಚ್ಚೇ ಇದ್ದರೆ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ. ಮಂಡಿ ಊದಿಕೊಂಡರೆ, ಸಿಕ್ಕಿಹಾಕಿಕೊಂಡಂತೆ ಬಿಗಿದರೆ, ಭಾರ ಹಾಕಿದಾಗ ಕುಸಿದರೆ, ಒಂದೇ ಕಡೆ ಚುಚ್ಚಿದಂತಾದರೆ ವೈದ್ಯರನ್ನು ಕಾಣಿ. ಒಂದೇ ಕಾಲಿನ ಮೀನಖಂಡ ಊದಿ, ಕೆಂಪಾಗಿ, ನೋಯುತ್ತಿದ್ದರೆ ಅದು ರಕ್ತನಾಳದಲ್ಲಿ ಹೆಪ್ಪುಗಟ್ಟಿರುವ ಲಕ್ಷಣವಿರಬಹುದು, ತಡಮಾಡಬೇಡಿ.

ಎದೆಯಲ್ಲಿ ಒತ್ತಡ, ದವಡೆ ಅಥವಾ ಎಡಗೈಗೆ ಹರಡುವ ನೋವು, ತಣ್ಣನೆಯ ಬೆವರು, ವಿಶ್ರಾಂತಿಯಲ್ಲೂ ಇಳಿಯದ ಏದುಸಿರು ಕಾಣಿಸಿದರೆ 'ಗ್ಯಾಸ್' ಎಂದು ಸೋಡಾ ಕುಡಿದು ಮುಂದೆ ನಡೆಯಬೇಡಿ. ಕೂಡಲೇ ನಿಂತು ನೆರವು ಕೇಳಿ.

ನೋವಿನ ಮಾತ್ರೆ ನುಂಗಿ ಬೆಟ್ಟ ಹತ್ತುವ ದುರಭ್ಯಾಸ ಕೆಲವರಿಗಿದೆ. ನೋವು ದೇಹದ ಕಾವಲುಗಾರ. ಕಾವಲುಗಾರನನ್ನು ಮಲಗಿಸಿ ಮನೆಯ ಬಾಗಿಲು ತೆರೆದಿಡುವುದು ಜಾಣತನವಲ್ಲ. ಜತೆಗೆ, ಬೆವರಿ ನೀರು ಕಡಿಮೆಯಾದ ದೇಹದಲ್ಲಿ ಕೆಲವು ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು.

ಊಟ, ನೀರು, ಔಷಧಿ

ತೂಕ ಇಳಿಸುವುದೂ ಮಂಡಿಗೆ ಚಿಕಿತ್ಸೆಯೇ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋದಷ್ಟು ಕಡಿಮೆಯಾಗುತ್ತದೆ. ಆದರೆ ಉಪವಾಸ ಮಾಡಿ ತೂಕ ಇಳಿಸಿದರೆ ಸ್ನಾಯುವೂ ಕರಗುತ್ತದೆ. ಅನ್ನದ ಪ್ರಮಾಣ ಸ್ವಲ್ಪ ಕಡಿಮೆ ಮಾಡಿ ಕಾಳು, ಬೇಳೆ, ಮೊಸರು, ಕಡಲೆಕಾಯಿ, ಒಪ್ಪುವವರು ಮೊಟ್ಟೆ, ಮೀನು ಹೆಚ್ಚಿಸಿ. ಮೊಳಕೆ ಹುರುಳಿಕಾಳಿನ ಉಸಲಿ, ರಾಗಿ ಮುದ್ದೆ, ಸೊಪ್ಪಿನ ಸಾರು ಇದ್ದ ಮನೆಗೆ ಡಬ್ಬಿಯ ಪೌಡರ್ ಬೇಕಿಲ್ಲ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರಿಗೆ ದೀರ್ಘ ಶ್ರಮದಿಂದ ರಕ್ತದ ಸಕ್ಕರೆ ಏಕಾಏಕಿ ಇಳಿಯಬಹುದು. ಆ ದಿನದ ಪ್ರಮಾಣ ಎಷ್ಟಿರಬೇಕೆಂದು ವೈದ್ಯರನ್ನು ಮೊದಲೇ ಕೇಳಿ, ಜೇಬಿನಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಇಟ್ಟುಕೊಳ್ಳಿ. ಕೈ ನಡುಕ, ಬೆವರು, ಕಣ್ಣು ಮಂಜು ಬಂದರೆ ಕೂಡಲೇ ತಿನ್ನಿ. ಇವರು ಬರಿಗಾಲಿನಲ್ಲಿ ಕಾದ ಬಂಡೆ ಹತ್ತಬಾರದು. ಶ್ರವಣಬೆಳಗೊಳದಂತಹ ಕ್ಷೇತ್ರಗಳಿಗೆ ಬಿಸಿಲೇರುವ ಮೊದಲೇ ಹೋಗಿ, ಕಾಲುಚೀಲ ಧರಿಸಬಹುದೇ ಎಂದು ವಿಚಾರಿಸಿಕೊಳ್ಳಿ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ನೀರು ಬೇಗ ಕಡಿಮೆಯಾಗುತ್ತದೆ. ಅವರೂ ಮೊದಲೇ ವೈದ್ಯರೊಡನೆ ಮಾತನಾಡಬೇಕು.

ಬೆಟ್ಟದ ದಿನ

ನಮ್ಮ ರಾಜ್ಯದಲ್ಲಿ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಎತ್ತರದಿಂದ ಬರುವ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಕಾಣಿಸುವುದರಿಂದ ಇಲ್ಲಿ ಅದರ ಭಯವಿಲ್ಲ. ಹಿಮಾಲಯದ ಯಾತ್ರೆಗೆ ಹೋಗುವವರು ಮಾತ್ರ ಆ ಎತ್ತರಕ್ಕೆ ದೇಹ ಹೊಂದಿಕೊಳ್ಳಲು ದಿನಗಳನ್ನು ಮೀಸಲಿಡಬೇಕು. ನಮ್ಮ ಬೆಟ್ಟಗಳ ಶತ್ರುಗಳು ಬಿಸಿಲು, ಜಾರಿಕೆ ಮತ್ತು ಆತುರ. ಮಳೆಗಾಲದಲ್ಲಿ ಮಲೆನಾಡಿನ ಬಂಡೆಗಳು ಪಾಚಿಗಟ್ಟಿ ಜಾರುತ್ತವೆ, ಇಂಬಳದ ಕಾಟವೂ ಇರುತ್ತದೆ. ಮೊದಲ ಸಲ ಹೋಗುವವರಿಗೆ ನವೆಂಬರಿನಿಂದ ಫೆಬ್ರುವರಿಯವರೆಗಿನ ಕಾಲ ಉತ್ತಮ. ಕಾಡಿನ ದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಎಂದು ವಿಚಾರಿಸಿ ಹೊರಡಿ.

ಮುಂಜಾನೆ ಬೇಗ ಹೊರಡಿ. ಹಿಂದಿನ ದಿನವೇ ಕಾಲುಗುರು ಕತ್ತರಿಸಿ. ಇಳಿಯುವಾಗ ಬೂಟಿನ ತುದಿಗೆ ಬಡಿದು ಉಗುರು ಕಪ್ಪಾಗುತ್ತದೆ. ಅರ್ಧ ಗಂಟೆಗೊಮ್ಮೆ ಐದು ನಿಮಿಷ ನಿಂತು ಸ್ವಲ್ಪ ಸ್ವಲ್ಪ ನೀರು ಕುಡಿಯಿರಿ. ಹೆಚ್ಚು ಬೆವರಿದರೆ ಓ.ಆರ್.ಎಸ್. ಅಥವಾ ಉಪ್ಪು ಬೆರೆಸಿದ ಮಜ್ಜಿಗೆ ಒಳ್ಳೆಯದು. ಉಪ್ಪಿನ ಪಥ್ಯ ಇರುವವರು ವೈದ್ಯರನ್ನು ಕೇಳಿಕೊಳ್ಳಿ. ಇಳಿಯುವಾಗ ಚಿಕ್ಕ ಹೆಜ್ಜೆ, ಮಂಡಿ ಸ್ವಲ್ಪ ಬಾಗಿರಲಿ. ಕೈಯಲ್ಲಿ ಒಂದು ಕೋಲು, ಸಾಧ್ಯವಾದರೆ ಎರಡು ಇದ್ದರೆ ಮಂಡಿಯ ಹೊರೆಯಲ್ಲಿ ಒಂದಿಷ್ಟನ್ನು ತೋಳು ಹಂಚಿಕೊಳ್ಳುತ್ತದೆ. ಕೋಲು ಹಿಡಿಯುವುದು ಮುದಿತನದ ಗುರುತಲ್ಲ. ಮಲೆನಾಡಿನ ಹಿರಿಯರು ಕೋಲಿಲ್ಲದೆ ಗುಡ್ಡ ಇಳಿಯುತ್ತಿದ್ದುದು ಅಪರೂಪ.

ಶಕ್ತಿ ಇರುವಾಗಲೇ ಹಿಂದಿರುಗುವ ನಿರ್ಧಾರ ಮಾಡಿ. ತುದಿ ಮುಟ್ಟಿದಾಗ ಅರ್ಧ ದಾರಿ ಮಾತ್ರ ಮುಗಿದಿರುತ್ತದೆ.

ಎಲ್ಲರಿಗೂ ತುದಿ ಸಿಗುತ್ತದೆಯೇ? ಇಲ್ಲ. ಕೆಲವು ಕಾಯಿಲೆಗಳು ಪೂರ್ತಿ ಹಿಂದಿರುಗಲು ಬಿಡುವುದಿಲ್ಲ. ಆದರೆ ಬೆಟ್ಟಕ್ಕೆಂದು ಗಳಿಸಿದ ಕಾಲಿನ ಬಲ ಬಸ್ಸು ಹತ್ತಲು, ಮೊಮ್ಮಗುವನ್ನು ಎತ್ತಿಕೊಳ್ಳಲು, ಸ್ನಾನದ ಮನೆಯಲ್ಲಿ ಬೀಳದಿರಲು ಒದಗುತ್ತದೆ. ಅದು ವ್ಯರ್ಥವಾಗುವ ಮಾತೇ ಇಲ್ಲ.

2024ರ ಜನವರಿಯಲ್ಲಿ ನಮ್ಮ ಶಿಕ್ಷಕಿ ಕೊಡಚಾದ್ರಿಗೆ ಹೋದರು. 1,343 ಮೀಟರ್ ಎತ್ತರದ ಆ ಬೆಟ್ಟವನ್ನು ಮಗಳು ಗೆಳತಿಯರ ಜತೆ ಬುಡದಿಂದಲೇ ಹತ್ತಿದಳು. ತಾಯಿ ಜೀಪಿನಲ್ಲಿ ಮೇಲಿನ ದೇವಸ್ಥಾನದವರೆಗೆ ಹೋಗಿ, ಅಲ್ಲಿಂದ ಸರ್ವಜ್ಞಪೀಠದ ಕಡಿದಾದ ದಾರಿಯನ್ನು ನಡೆದು ಹತ್ತಿದರು. ನಡೆದೇ ಇಳಿದರು. ಹಾಗೆಂದು ಮೊದಲೇ ತೀರ್ಮಾನಿಸಿದ್ದೆವು. ಅದು ಅವರ ಕಾಲಿಗೆ ತಕ್ಕ ಬೆಟ್ಟ. ಊರಿಗೆ ಬಂದು ಕ್ಲಿನಿಕ್ಕಿಗೆ ಪ್ರಸಾದ ತಂದುಕೊಟ್ಟ ದಿನ ಮತ್ತೆ ಕುರ್ಚಿಯ ಪರೀಕ್ಷೆ ಮಾಡಿಸಿದೆ. 14 ಸಲ ಎದ್ದರು. ತೂಕ 72. ಮಂಡಿಯ ಸವೆತ ಇದ್ದಂತೆಯೇ ಇದೆ. ನೋವಿನ ಮಾತ್ರೆ ಮಾತ್ರ ನಿಂತಿದೆ.

"ಇನ್ನು ಬಿಡಬಹುದಾ ಡಾಕ್ಟ್ರೇ, ಈ ಕುರ್ಚಿ ಆಟಾನ?" ಎಂದು ಕೇಳಿದರು. ಬಿಡಬೇಡಿ ಮೇಡಂ, ಬಿಟ್ಟರೆ ಬಂದ ಬಲ ಬಂದ ದಾರಿಯಲ್ಲೇ ಹೋಗುತ್ತದೆ ಎಂದೆ.

ಅಂದಿನಿಂದ ನಾನೂ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಚೀಟಿಯಲ್ಲಿ 'ವಿಶ್ರಾಂತಿ' ಎಂದು ಬರೆದರೆ ಪಕ್ಕದಲ್ಲಿ ಎಷ್ಟು ದಿನ ಎಂದೂ ಬರೆಯುತ್ತೇನೆ. ನಿಮ್ಮ ಮನೆಯಲ್ಲೂ ಅಂಥ ಹಳೆಯ ಚೀಟಿಯೊಂದು ಇದ್ದೀತು. ಅದನ್ನು ಹುಡುಕಿ ತೆಗೆದು ನಿಮ್ಮ ವೈದ್ಯರ ಮುಂದಿಟ್ಟು, "ಇದು ಇನ್ನೂ ನಡೆಯಬೇಕಾ?" ಎಂದು ಒಮ್ಮೆ ಕೇಳಿ.